‘ಪಾಲು’ ಎಂಬ ಮಾತಿನ ಹುಡುಕಾಟ

(ಉಪನ್ಯಾಸದ ಬರಹ ರೂಪ)



ಬೂದಿಕೋಟೆ ಎಂದೊಡನೆ ಹೈದರಾಲಿ ನೆನಪಾಗುವುದು ಸಹಜ. ಬಂಗಾರಪೇಟೆ ತಾಲ್ಲೂಕಿನ ಈ ಊರಿನಲ್ಲಿ ಆತ ಹುಟ್ಟಿದನೆಂದು ಗೆಜೆಟಿಯರುಗಳು ದಾಖಲಿಸಿವೆ. ಆತನ ತಂದೆ ಫತೇ ಮಹಮ್ಮದನಿಗೆ ಊರು ಜಹಗೀರಾಗಿ ಬಂದಿದ್ದ ಸಂಗತಿಯೂ ಅಲ್ಲೇ ಸಿಗುತ್ತದೆ. ಹೆತ್ತ ತಾಯಿಯ ಹೆಸರು ಬೇಕೆಂದರೆ ಮಾತ್ರ ಇನ್ನೂ ಕೆಲವು ಪುಸ್ತಕಗಳನ್ನು ತಿರುವಿ ಹಾಕಬೇಕಾಗುತ್ತದೆ. ಇದು ಹೈದರನೊಬ್ಬನ ಕತೆಯಲ್ಲ. ಚರಿತ್ರೆಯ ಕಪಾಟಿನಲ್ಲಿ ಹೆಣ್ಣಿಗೆ ಸಂಬಂಧಿಸಿದ್ದು ಇಲ್ಲವೆಂದಲ್ಲ, ಅದು ಕೈಗೆ ಸಿಗುವ ಜಾಗದಲ್ಲಿ ಇರುವುದಿಲ್ಲ.

ಇಂದು ಆ ಕಪಾಟು ಕಂಪ್ಯೂಟರಿನೊಳಗೆ ಬಂದು ಕುಳಿತಿದೆ. ಮಹಿಳೆಯರ ಸಮಸ್ಯೆಗಳನ್ನು ಕುರಿತ ಲೇಖನಗಳನ್ನೇ ಒಟ್ಟುಗೂಡಿಸಿ, ಬೇಕಾದ ಶಬ್ದ ಕೊಟ್ಟರೆ ಬೇಕಾದ ಬರಹವನ್ನು ಎತ್ತಿಕೊಡುವ ಭಂಡಾರಗಳು ಜಗತ್ತಿನಲ್ಲಿ ಹಲವಿವೆ. 1998ರಲ್ಲಿ ಆರಂಭವಾದ ‘ಜೆಂಡರ್‌ವಾಚ್’ ಅಂಥವುಗಳಲ್ಲೊಂದು. ಚಂದಾ ತೆತ್ತ ವಿಶ್ವವಿದ್ಯಾಲಯಗಳಿಗೆ ಅದು ತೆರೆಯುತ್ತದೆ. ನಮ್ಮ ದೇಶದಲ್ಲಿ ಕಂಪ್ಯೂಟರು ಬರುವುದಕ್ಕೂ ಮೊದಲೇ ಇಂಥ ಸಂಗ್ರಹದ ಕೆಲಸ ನಡೆದಿತ್ತು. ಮುಂಬೈಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ ಮಹಿಳಾ ಅಧ್ಯಯನದ ಸಂಶೋಧನಾ ಘಟಕ ಆರಂಭವಾಯಿತು. ದೆಹಲಿಯ ಮಹಿಳಾ ಅಭಿವೃದ್ಧಿ ಅಧ್ಯಯನ ಕೇಂದ್ರ 1980ರದು. ಹೆಂಗಸರ ದನಿ ಮತ್ತು ಚಿತ್ರಗಳನ್ನು ಕೂಡಿಡುವುದಕ್ಕೆಂದೇ ಹುಟ್ಟಿದ ‘ಸ್ಪ್ಯಾರೋ’ ಸಂಸ್ಥೆ 1988ರಲ್ಲಿ ಮುಂಬೈಯಲ್ಲಿ ಕಣ್ಣು ತೆರೆಯಿತು.

ಇಷ್ಟೆಲ್ಲ ಇದ್ದ ಮೇಲೆ ಬೂದಿಕೋಟೆಯ ಹೆಣ್ಣುಮಗಳೊಬ್ಬಳ ಪ್ರಶ್ನೆಗೆ ಉತ್ತರ ಸಿಕ್ಕೇ ಸಿಗುತ್ತದೆ ಎಂದು ತೋರುವುದಲ್ಲವೆ? ಹಾಗೆಂದು ನಂಬಿಬಿಡುವ ಮೊದಲು ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಭಂಡಾರದ ಬಾಗಿಲವರೆಗೆ ಹೋಗಿ ನೋಡಬೇಕು.

ಬಂಗಾರಪೇಟೆ ಕಡೆಯ ಒಬ್ಬ ಹೆಣ್ಣುಮಗಳು 1990ರಲ್ಲಿ ಮದುವೆಯಾಗಿ ಹೋದಳೆಂದು ಇಟ್ಟುಕೊಳ್ಳಿ. ತವರಿನಲ್ಲಿ ನಾಲ್ಕೆಕರೆ ಪಿತ್ರಾರ್ಜಿತ ಹೊಲ ಇದೆ. ಅಪ್ಪ 2003ರಲ್ಲಿ ತೀರಿಕೊಂಡ. ಅಣ್ಣತಮ್ಮಂದಿರು ಹಬ್ಬಕ್ಕೆ ಕರೆದು ಸೀರೆ ಕೊಟ್ಟು, ಅರಿಶಿನ ಕುಂಕುಮ ಹಚ್ಚಿ, ಒಂದು ಕಾಗದ ಮುಂದಿಟ್ಟು ಹೆಬ್ಬೆಟ್ಟು ಕೇಳುತ್ತಾರೆ. ಅದು ಹಕ್ಕು ಬಿಡುಗಡೆ ಪತ್ರ. ಅವಳು ಕೇಳುವುದು ಒಂದೇ ಮಾತು: ‘ನನಗೆ ಪಾಲು ಉಂಟೋ ಇಲ್ಲವೋ?’

ಈ ‘ಪಾಲು’ ಎಂಬ ಶಬ್ದವನ್ನು ಹುಡುಕುವ ಯಂತ್ರಕ್ಕೆ ಹಾಗೆಯೇ ಕೊಟ್ಟರೆ ಏನಾಗುತ್ತದೆ? ಕಂಪನಿಗಳ ಪಾಲು ಬಂಡವಾಳ ಬರುತ್ತದೆ. ಪಾಲುದಾರಿಕೆ ವ್ಯವಹಾರ ಬರುತ್ತದೆ. ಕೆರೆಯಲ್ಲಿ ಈಜಲು ಹೋಗಿ ನೀರುಪಾಲಾದ ಹುಡುಗರ ಸುದ್ದಿ ಬರುತ್ತದೆ. ‘ಭಾಗ’ ಎಂದರೆ ದೇಹದ ಭಾಗ, ಧಾರಾವಾಹಿಯ ಎರಡನೆಯ ಭಾಗ. ಯಂತ್ರದ ತಪ್ಪು ಇದರಲ್ಲಿಲ್ಲ. ಅದಕ್ಕೆ ಅರ್ಥ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಪುಸ್ತಕದ ಕೊನೆಯಲ್ಲಿ ಇರುವ ಪದಸೂಚಿಯಂತೆ, ಯಾವ ಶಬ್ದ ಯಾವ ಲೇಖನದಲ್ಲಿದೆ ಎಂಬ ದೊಡ್ಡ ಪಟ್ಟಿಯೊಂದನ್ನು ಅದು ಮೊದಲೇ ಮಾಡಿಟ್ಟುಕೊಂಡಿರುತ್ತದೆ. ನಾವು ಶಬ್ದ ಕೊಟ್ಟಾಗ ನೋಡುವುದು ಆ ಪಟ್ಟಿಯನ್ನು. ಈಚೆಗೆ ಸಮಾನಾರ್ಥಕಗಳನ್ನು ಊಹಿಸುವ ಚುರುಕು ಯಂತ್ರಗಳಿಗೆ ಬಂದಿದೆಯಾದರೂ, ಲೇಖನ ಭಂಡಾರಗಳ ಮೂಲ ಕ್ರಮ ಇದೇ.

ಅವಳ ಪ್ರಶ್ನೆಗೆ ಉತ್ತರ ಇರುವ ಲೇಖನಗಳು ಬಳಸುವ ಮಾತು ಬೇರೆ. ಅವು ‘ಕೋಪಾರ್ಸೆನರಿ’ ಎನ್ನುತ್ತವೆ, ‘ಉತ್ತರಾಧಿಕಾರ’ ಎನ್ನುತ್ತವೆ, ‘ಅವಿಭಕ್ತ ಕುಟುಂಬ’ ಎನ್ನುತ್ತವೆ. ಹೀಗಾಗಿ ಪ್ರಶ್ನೆ ಒಂದು ಭಾಷೆಯಲ್ಲಿದ್ದರೆ ಉತ್ತರ ಮತ್ತೊಂದು ಭಾಷೆಯಲ್ಲಿದೆ. ಎರಡೂ ಕನ್ನಡವೇ ಆಗಿದ್ದಾಗಲೂ ಈ ಮಾತು ನಿಜ.

ಶಬ್ದ ಸಿಕ್ಕಿತೆಂದುಕೊಳ್ಳೋಣ. ತೊಂದರೆ ಅಲ್ಲಿಗೆ ಮುಗಿಯುವುದಿಲ್ಲ, ನಿಜವಾಗಿ ಅಲ್ಲಿಂದ ಆರಂಭವಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟ ಆ ಕಾನೂನು, ಅದು ಜಾರಿಗೆ ಬರುವ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಆದ್ದರಿಂದ 1996ರಲ್ಲಿ ಪ್ರಾಮಾಣಿಕವಾಗಿ ಬರೆದ ಲೇಖನವೊಂದು ಈಕೆಗೆ ‘ಇಲ್ಲಮ್ಮ, ನಿನಗೆ ಹುಟ್ಟಿನಿಂದ ಬರುವ ಪಾಲಿಲ್ಲ’ ಎನ್ನುತ್ತದೆ. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂತು. ಮದುವೆಯ ದಿನಾಂಕದ ಆ ಗೋಡೆ ಬಿತ್ತು. 2006ರ ಲೇಖನ ‘ಉಂಟು’ ಎನ್ನುತ್ತದೆ. 2015ರ ಅಕ್ಟೋಬರಿನಲ್ಲಿ ಪ್ರಕಾಶ್ ಮತ್ತು ಫೂಲವತಿ ಪ್ರಕರಣದಲ್ಲಿ, ಅದೂ ಕರ್ನಾಟಕದಿಂದಲೇ ಹೋದ ಮೇಲ್ಮನವಿ, ಸುಪ್ರೀಂ ಕೋರ್ಟು ಹೊಸ ಕಾನೂನಿನ ಲಾಭ ಪಡೆಯಲು 2005ರ ಆ ದಿನ ತಂದೆ ಬದುಕಿರಬೇಕಿತ್ತು ಎಂದಿತು. ಈಕೆಯ ಅಪ್ಪ 2003ರಲ್ಲೇ ಹೋಗಿದ್ದಾನೆ. ಮತ್ತೆ ‘ಇಲ್ಲ’. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಹಿಂದಿನ ನಿಲುವನ್ನು ತಳ್ಳಿಹಾಕಿತು. ಹಕ್ಕು ಬರುವುದು ಹುಟ್ಟಿನಿಂದ, ತಂದೆ ಅಂದು ಇದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ವಿಭಾಗವಾಗಿ ಹೋಗಿದ್ದರೆ ಮಾತು ಬೇರೆ, ಇಲ್ಲವಾದರೆ ‘ಉಂಟು’.

ಒಂದೇ ಹೆಣ್ಣು, ಒಂದೇ ಹೊಲ, ನಾಲ್ಕು ಉತ್ತರ. ನಾಲ್ಕೂ ಒಂದೇ ಭಂಡಾರದಲ್ಲಿ ಪಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಹುಡುಕಿದವರ ಮುಂದೆ ಅವು ಬಂದು ನಿಲ್ಲುವುದು ಹೆಚ್ಚಾಗಿ ಕಾಲದ ಕ್ರಮದಲ್ಲಲ್ಲ. ಕೇಳಿದ ಶಬ್ದ ಯಾವುದರಲ್ಲಿ ಹೆಚ್ಚು ಸಲ ಬಂದಿದೆಯೋ ಅದು ಮುಂದೆ ಬರುವುದೂ ಉಂಟು. ಹಳೆಯ ಲೇಖನ ಸುಳ್ಳು ಹೇಳುತ್ತಿಲ್ಲ, ಅಂದಿನ ನಿಜವನ್ನು ಹೇಳುತ್ತಿದೆ. ಆದರೆ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಅಂದಿನ ನಿಜದಿಂದ ಅವಳಿಗೆ ಆಗುವುದು ನಷ್ಟ. ಲೇಖನದ ವಿಷಯಕ್ಕಿಂತ ಮೊದಲು ಅದರ ದಿನಾಂಕ ನೋಡುವುದು ಹುಡುಕಾಟದ ಮೊದಲ ಪಾಠ. ಬೂದಿಕೋಟೆಯ ಮುಸ್ಲಿಂ ಮನೆಯ ಮಗಳು ಇದೇ ಪ್ರಶ್ನೆ ಕೇಳಿದರೆ ಇಡೀ ದಾರಿಯೇ ಬೇರೆ. ಅವಳು ಹೋಗಬೇಕಾದದ್ದು ವೈಯಕ್ತಿಕ ಕಾನೂನಿನ ಕಡೆಗೆ, ಅಲ್ಲಿಯೂ 1937ರ ಷರೀಯತ್ ಕಾಯ್ದೆ ಕೃಷಿ ಜಮೀನನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿತ್ತು ಎಂಬ ಗಂಟು ಇದೆ. ‘ಮಹಿಳೆ ಮತ್ತು ಆಸ್ತಿ’ ಎಂದಷ್ಟೇ ಕೊಟ್ಟವರಿಗೆ ಇವೆಲ್ಲವೂ ಕಲಸುಮೇಲೋಗರವಾಗಿ ಬಂದುಬಿಡುತ್ತದೆ.

ಹಾಗಾದರೆ ಭಂಡಾರಕ್ಕೂ ಆ ಹೆಣ್ಣುಮಗಳಿಗೂ ನಡುವೆ ಯಾರು ನಿಲ್ಲಬೇಕು? ಈ ಪ್ರಶ್ನೆಗೆ ಬೂದಿಕೋಟೆಯೇ ಒಮ್ಮೆ ಉತ್ತರ ಕೊಡಲು ಹೊರಟಿತ್ತು ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದ ಸಂಗತಿ.

2001ನೆಯ ಇಸವಿ ಈ ಸೀಮೆಗೆ ಕಹಿಯಾದ ವರ್ಷ. ಆ ಫೆಬ್ರುವರಿ 28ರಂದು ಕೋಲಾರದ ಚಿನ್ನದ ಗಣಿಯ ಕೆಲಸ ನಿಂತಿತು. ಅದೇ ವರ್ಷ ಗಣಿಗೆ ಹೆಚ್ಚು ದೂರವಿಲ್ಲದ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಪುಟ್ಟ ಪ್ರಯತ್ನವೊಂದು ಮೊದಲಾಯಿತು. ಬೆಂಗಳೂರಿನ ‘ವಾಯ್ಸಸ್’, ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟಿದ್ದ ‘ಮೈರಾಡ’, ಜೊತೆಗೆ ಯುನೆಸ್ಕೊ, ಈ ಮೂರರ ಬೆಂಬಲ ಅದಕ್ಕಿತ್ತು. ಆದರೆ ಅದರ ಬುನಾದಿ ಊರಿನ ಮತ್ತು ಸುತ್ತಲಿನ ಹಳ್ಳಿಗಳ ಹೆಂಗಸರ ಸಂಘಗಳೇ. ವಾರಕ್ಕೊಮ್ಮೆ ಕುಳಿತು ಉಳಿತಾಯದ ಲೆಕ್ಕ ಬರೆಯುವ ಅಭ್ಯಾಸ ಅವರಿಗೆ ಮೊದಲೇ ಇತ್ತು. ಲೆಕ್ಕದ ಪುಸ್ತಕದ ಪಕ್ಕಕ್ಕೆ ಈಗ ಧ್ವನಿಮುದ್ರಣದ ಯಂತ್ರ ಬಂತು.

ಆಗ ಹಳ್ಳಿಯ ಜನ ತಮ್ಮದೇ ರೇಡಿಯೋ ನಡೆಸುವಂತಿರಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಬಿಗಿ ಅಷ್ಟಿತ್ತು. ಬಾನುಲಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರುವರಿಯಲ್ಲೇ ತೀರ್ಪಿತ್ತಿತ್ತು. ಸಮುದಾಯಗಳಿಗೆ ರೇಡಿಯೋ ಬೇಕೆಂಬ ಕೋರಿಕೆಯೂ 1996ರಲ್ಲಿ ಬೆಂಗಳೂರು ಘೋಷಣೆಯಾಗಿ ಹೊರಬಿದ್ದಿತ್ತು. ಸರ್ಕಾರ 2002ರ ಕೊನೆಗೆ ವಿದ್ಯಾಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಸಮುದಾಯ ಸಂಸ್ಥೆಗಳಿಗೆ ತೆರೆದದ್ದು 2006ರ ನವೆಂಬರಿನಲ್ಲಿ. ಗಾಳಿಯಲ್ಲಿ ಮಾತು ಹಾರಿಬಿಡಲು ಅನುಮತಿಯಿಲ್ಲ, ತಂತಿಯಲ್ಲಿ ಕಳಿಸಲು ಅಡ್ಡಿಯಿಲ್ಲ. ಬೂದಿಕೋಟೆಯವರು ಟೀವಿಯ ಕೇಬಲ್ಲನ್ನೇ ಹಿಡಿದರು. ಕಾರ್ಯಕ್ರಮಗಳನ್ನು ಮೊದಲು ಕ್ಯಾಸೆಟ್ಟಿಗೆ ತುಂಬಿ ಸಂಘದ ಸಭೆಗಳಲ್ಲಿ ಹಾಕಿದರು, ಸಂತೆಯಲ್ಲಿ ಧ್ವನಿವರ್ಧಕ ಕಟ್ಟಿ ಕೇಳಿಸಿದರು, ಆಮೇಲೆ ಕೇಬಲ್ ಮೂಲಕ ಮನೆಮನೆಗೆ ಕಳಿಸಿದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ತಂತಿಯ ಮೇಲೆ ಸಾಗಿ ಬಂದು ಗಣಿಯನ್ನು ಬೆಳಗಿದ ಸೀಮೆಯಿದು. ಹೆಂಗಸರ ಮಾತು ತಂತಿ ಹತ್ತಲು ಅದಾದ ಮೇಲೆ ನೂರು ವರ್ಷ ಹಿಡಿಯಿತು.

ಈ ಕೇಂದ್ರದಲ್ಲಿ ಕಂಪ್ಯೂಟರೂ ಇತ್ತು. ಊರಿನ ಜನ ತಮ್ಮ ಭಾಷೆಯಲ್ಲಿ ಮಾಹಿತಿಯನ್ನು ಹೊಂದಿಸಿಟ್ಟುಕೊಳ್ಳಲು ‘ಇ-ಎನ್ರಿಚ್’ ಎಂಬ ತಂತ್ರಾಂಶವನ್ನು ಅಲ್ಲಿ ಬಳಸಿ ನೋಡಲಾಯಿತು. ಆ ಬಳಕೆಯ ಹಿಂದಿನ ವಿಚಾರ ದೊಡ್ಡದು. ಪ್ರತಿಯೊಬ್ಬ ಹೆಂಗಸೂ ಕಂಪ್ಯೂಟರಿನ ಮುಂದೆ ಕೂರಬೇಕಾಗಿಲ್ಲ. ಕೇಂದ್ರದಲ್ಲಿ ಕುಳಿತವರು ಎಲ್ಲರ ಪರವಾಗಿ ಹುಡುಕಿ, ಸಿಕ್ಕಿದ್ದನ್ನು ತಿಳಿಯುವ ಮಾತಿಗೆ ತಿರುಗಿಸಿ, ಕೇಳಿಸಬಹುದು. ಶ್ರೀಲಂಕಾದ ಗುಡ್ಡಗಾಡಿನ ಕೊತ್ಮಲೆ ಎಂಬಲ್ಲಿ 1990ರ ದಶಕದ ಕೊನೆಗೆ ಇದೇ ಪ್ರಯೋಗ ನಡೆದಿತ್ತು. ಕೇಳುಗರು ಪ್ರಶ್ನೆ ಕಳಿಸುತ್ತಿದ್ದರು, ನಿರೂಪಕರು ಅಂತರ್ಜಾಲದಲ್ಲಿ ತಡಕಾಡಿ ಉತ್ತರವನ್ನು ರೇಡಿಯೋದಲ್ಲಿ ವಿವರಿಸುತ್ತಿದ್ದರು. ಗಂಡಾಂತರಕಾರಿ ಎನಿಸುವಷ್ಟು ಸರಳವಾದ ಉಪಾಯ. ವಿವರಿಸುವವರಿಗೆ 1994ಕ್ಕೂ 2005ಕ್ಕೂ ಇರುವ ವ್ಯತ್ಯಾಸ ತಿಳಿಯದಿದ್ದರೆ, ಒಬ್ಬಳ ತಪ್ಪು ಕ್ಷಣದಲ್ಲಿ ಇನ್ನೂರು ಮನೆಯ ತಪ್ಪಾಗುತ್ತದೆ. ಆದರೂ ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ. ಸಂಘದಲ್ಲಿ ನಾಲ್ಕು ಜನ ಒಟ್ಟಿಗೆ ಕೇಳಿದ ಉತ್ತರವನ್ನು ಅಲ್ಲೇ ನಾಲ್ಕು ಜನ ಪ್ರಶ್ನಿಸಬಲ್ಲರು. ಒಬ್ಬಂಟಿಯಾಗಿ ಪರದೆ ನೋಡುವವಳಿಗೆ ಆ ಅನುಕೂಲವಿಲ್ಲ.

ಹುಡುಕುವ ಶಬ್ದಗಳ ವಿಚಾರಕ್ಕೆ ಮರಳೋಣ. ಹೆಣ್ಣಿಗೆ ಸಂಬಂಧಿಸಿದ ಶಬ್ದಗಳು ಗ್ರಂಥಾಲಯಗಳಿಗೆ ಎಂದೂ ತೊಡಕೇ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸೂಚಿಯಲ್ಲಿ ಬಹುಕಾಲ ಲೇಖಕಿಯರನ್ನು ‘ಲೇಖಕರಾಗಿ ಮಹಿಳೆಯರು’, ವೈದ್ಯೆಯರನ್ನು ‘ವೈದ್ಯರಾಗಿ ಮಹಿಳೆಯರು’ ಎಂಬ ಮಾದರಿಯ ಶೀರ್ಷಿಕೆಗಳಲ್ಲಿ ಇಟ್ಟಿದ್ದರು, ಆ ಕೆಲಸ ಮೂಲತಃ ಗಂಡಸಿನದು ಎಂಬಂತೆ. ಸ್ಯಾನ್‌ಫರ್ಡ್ ಬರ್ಮನ್ ಎಂಬ ಗ್ರಂಥಪಾಲಕ 1971ರಲ್ಲಿ ಇಂಥ ಶೀರ್ಷಿಕೆಗಳ ಪೂರ್ವಗ್ರಹದ ಮೇಲೆ ಒಂದು ಪುಸ್ತಕವನ್ನೇ ಬರೆದ. ಆ ದಶಕದಲ್ಲಿ ಶೀರ್ಷಿಕೆಗಳು ಬದಲಾಗತೊಡಗಿದವು. 1987ರಲ್ಲಿ ಮೇರಿ ಎಲೆನ್ ಕೇಪೆಕ್ ಸಂಪಾದಿಸಿದ ‘ಎ ವಿಮೆನ್ಸ್ ಥೆಸಾರಸ್’ ಹೊರಬಂತು. ಮಹಿಳೆಯರ ಬದುಕಿನ ಸಂಗತಿಗಳಿಗೆ ಯಾವ ಹೆಸರು ಕೊಟ್ಟು ಸೂಚಿ ಮಾಡಬೇಕೆಂಬ ಪದಕೋಶ ಅದು. ಹುಡುಕುವ ಕೆಲಸಕ್ಕೆ ಮೊದಲು ಹೆಸರಿಡುವ ಕೆಲಸ ಇದೆ ಎಂದು ಅವರು ಕಂಡುಕೊಂಡಿದ್ದರು.

ಕನ್ನಡದಲ್ಲಿ ಆ ಕೆಲಸ ಇನ್ನೂ ಕಷ್ಟ. ನಮ್ಮಲ್ಲಿ ಮಹಿಳೆ, ಹೆಣ್ಣು, ಹೆಂಗಸು, ಸ್ತ್ರೀ, ವನಿತೆ ಎಂದು ಹಲವು ಮಾತುಗಳಿವೆ. 1920ರ ಲೇಖನದಲ್ಲಿ ‘ಸ್ತ್ರೀ’ ಎಂದಿದ್ದದ್ದು 1980ರಲ್ಲಿ ‘ಮಹಿಳೆ’ಯಾಗಿ, ಆಮೇಲೆ ಮತ್ತೆ ‘ಹೆಣ್ಣು’ ಆಗಿದೆ. ಸಾಲದ್ದಕ್ಕೆ ವಿಭಕ್ತಿಗಳು. ‘ಹೆಣ್ಣು’ ಎಂದು ಕೊಟ್ಟರೆ ‘ಹೆಣ್ಣಿಗೆ’, ‘ಹೆಣ್ಣಿನ’ ಎಂಬ ರೂಪಗಳು ಸಿಗುವುದಿಲ್ಲ, ಕೊನೆಯ ಸ್ವರವೇ ಬದಲಾಗಿರುತ್ತದೆ. ಇಂಗ್ಲಿಷಿಗೆಂದು ಮಾಡಿದ ಯಂತ್ರಕ್ಕೆ ಇದನ್ನು ಕಲಿಸದಿದ್ದರೆ ಅದು ಅರ್ಧ ಭಂಡಾರವನ್ನು ಕಾಣುವುದೇ ಇಲ್ಲ. ಬೂದಿಕೋಟೆಯ ಹೆಸರನ್ನೇ ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಅಕ್ಷರದ ದೀರ್ಘಕ್ಕೆ ‘ಯು’ ಒಂದು ಹಾಕುವವರುಂಟು, ‘ಓ’ ಎರಡು ಹಾಕುವವರುಂಟು. ಕೊನೆಗೆ ತೆಲುಗಿನ ರೀತಿಯಲ್ಲಿ ‘ಕೋಟ’ ಎನ್ನುವವರೂ ಉಂಟು. ಒಂದು ರೂಪದಲ್ಲಿ ಹುಡುಕಿದವರಿಗೆ ಇನ್ನೊಂದು ರೂಪದ ಬರಹ ಸಿಗುವ ಭರವಸೆಯಿಲ್ಲ. ಇಂಥ ಕಡೆ ಎರಡು ಮೂರು ರೂಪಗಳನ್ನು ‘ಅಥವಾ’ ಎಂಬರ್ಥದ ‘ಆರ್’ ಹಾಕಿ ಜೋಡಿಸಿ ಕೇಳುವುದು ಬಲ್ಲವರ ಉಪಾಯ.

ಅಕ್ಷರದ್ದೇ ಇನ್ನೊಂದು ಕತೆ. ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತದಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಅದು ಬಳಕೆಗೆ ಬರಲು ಹತ್ತು ಹದಿನೈದು ವರ್ಷ ಹಿಡಿಯಿತು. ಅಷ್ಟರವರೆಗೆ ಒಂದೊಂದು ಸಂಸ್ಥೆ ಒಂದೊಂದು ಅಕ್ಷರವಿನ್ಯಾಸ ಬಳಸಿತು. ಕಣ್ಣಿಗೆ ಕನ್ನಡದಂತೆ ಕಂಡರೂ ಯಂತ್ರದ ಒಳಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಹಾಗೆ ತುಂಬಿದ ಎಷ್ಟೋ ಕನ್ನಡ ಬರಹಗಳು ಪರದೆಯ ಮೇಲೆ ಓದಲು ಬರುತ್ತಿದ್ದವು, ಹುಡುಕಲು ಬರುತ್ತಿರಲಿಲ್ಲ. 2000ದ ದಶಕದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸಾವಿರಾರು ಕನ್ನಡ ಪುಸ್ತಕಗಳ ಪುಟಗಳನ್ನು ಚಿತ್ರಗಳಾಗಿ ಏರಿಸಿತು. ಹೆಸರುಗಳು ರೋಮನ್ ಅಕ್ಷರದಲ್ಲಿ, ತಪ್ಪು ಕಾಗುಣಿತದೊಡನೆ ಇದ್ದವು. ಆ ಹೆಸರುಗಳನ್ನು ಕನ್ನಡಕ್ಕೆ ತಂದು ಹುಡುಕುವಂತೆ ಮಾಡಿದ ‘ಪುಸ್ತಕ ಸಂಚಯ’ದ ಶ್ರಮವನ್ನು ಇಲ್ಲಿ ನೆನೆಯಬೇಕು. ಯಾವ ಸದ್ದೂ ಇಲ್ಲದೆ ಉತ್ಸಾಹಿಗಳು ಮಾಡಿದ ಕೆಲಸ ಅದು. ‘ವಚನ ಸಂಚಯ’ದಲ್ಲಿ ಇಂದು ಶರಣೆಯರ ವಚನಗಳಲ್ಲಿ ಯಾವ ಪದ ಎಲ್ಲಿ ಬಂದಿದೆಯೆಂದು ಯಾರು ಬೇಕಾದರೂ ನೋಡಬಹುದು.

ಹನ್ನೆರಡನೆಯ ಶತಮಾನದ ಹೆಣ್ಣಿನ ಮಾತು ಹೀಗೆ ಸಿಗುವಾಗ ಇಪ್ಪತ್ತನೆಯ ಶತಮಾನದ್ದು ಸಿಗಬೇಡವೆ? ನಂಜನಗೂಡಿನ ತಿರುಮಲಾಂಬ ಬಾಲವಿಧವೆಯಾಗಿ, ಮನೆಯಲ್ಲೇ ಓದಿ, ತಾವೇ ಪ್ರಕಾಶನ ನಡೆಸಿ, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ಹೊರತಂದವರು. 1887ರಲ್ಲಿ ಹುಟ್ಟಿ 1982ರವರೆಗೆ ಬದುಕಿದ್ದ ಅವರನ್ನು ಕನ್ನಡ ಬದುಕಿದ್ದಾಗಲೇ ಬಹುಮಟ್ಟಿಗೆ ಮರೆತಿತ್ತು. ಆರ್. ಕಲ್ಯಾಣಮ್ಮ 1921ರಲ್ಲಿ ಆರಂಭಿಸಿದ ‘ಸರಸ್ವತಿ’ ದಶಕಗಳ ಕಾಲ ನಡೆಯಿತು. ಹೆಣ್ಣುಮಕ್ಕಳ ಓದು, ಮದುವೆ, ಮನೆ, ಹಕ್ಕು ಇವುಗಳ ಬಗೆಗೆ ಒಂದು ಕಾಲದ ಕನ್ನಡಿತಿಯರು ಏನು ಯೋಚಿಸಿದರೆಂದು ತಿಳಿಯಲು ಇಂಥ ಪತ್ರಿಕೆಗಳಿಗಿಂತ ದೊಡ್ಡ ಆಕರವಿಲ್ಲ. ಸಂಚಿಕೆ ಸಂಚಿಕೆಯಾಗಿ, ಲೇಖನ ಲೇಖನವಾಗಿ ಸೂಚಿ ಮಾಡಿ ಅವನ್ನು ಹುಡುಕುವಂತೆ ಮಾಡಿದರೆ, ಮಹಿಳೆಯರ ಕುರಿತ ಯಾವ ವಿದೇಶೀ ಭಂಡಾರಕ್ಕೂ ಅದು ಕಡಿಮೆಯಾಗದು. ಇದಕ್ಕೆ ಬೇಕಾದದ್ದು ಕೋಟಿಗಟ್ಟಲೆ ಹಣಕ್ಕಿಂತ ಹೆಚ್ಚಾಗಿ, ಹಳೆಯ ಕಾಗದವನ್ನು ಕೆಡಿಸದೆ ತಿರುವುವ ತಾಳ್ಮೆಯ ಕೈ ಮತ್ತು ಲೇಖನವನ್ನು ಓದಿ ಅದಕ್ಕೆ ತಕ್ಕ ಹೆಸರಿಡುವ ತಲೆ.

ಮಾತಿನ ಸಂಗ್ರಹಕ್ಕೆ ಹೆಸರಿನ ಅಗತ್ಯ ಇನ್ನೂ ಹೆಚ್ಚು. ಅಚ್ಚಾದ ಪುಟವನ್ನು ಇಂದಲ್ಲ ನಾಳೆ ಯಂತ್ರ ಓದೀತು. ಕ್ಯಾಸೆಟ್ಟಿನ ಮೇಲೆ ಚೀಟಿ ಇಲ್ಲದಿದ್ದರೆ ಅದರಲ್ಲಿ ಯಾರು, ಯಾವ ಊರಿನಲ್ಲಿ, ಯಾವುದರ ಬಗೆಗೆ ಮಾತನಾಡಿದರು ಎಂದು ತಿಳಿಯಲು ಪೂರಾ ಕೇಳಲೇಬೇಕು. ಬೂದಿಕೋಟೆಯಂಥ ಊರಿನಲ್ಲಿ ಹೆಂಗಸರು ನೀರಿನ ತಾಪತ್ರಯ, ಬಾಣಂತನ, ರೇಷ್ಮೆ ಹುಳು, ಕುಡುಕ ಗಂಡ, ತವರಿನ ಹೊಲ ಎಂದು ಆಡಿದ ಮಾತುಗಳೂ ‘ಮಹಿಳೆಯರ ಸಮಸ್ಯೆ ಕುರಿತ ಲೇಖನ’ಗಳೇ, ಕಾಗದದ ಮೇಲೆ ಬರಲಿಲ್ಲ ಅಷ್ಟೆ. ಮಾತನಾಡಿದವಳ ಒಪ್ಪಿಗೆ ಪಡೆದೇ ಅವನ್ನು ಭಂಡಾರಕ್ಕೆ ಸೇರಿಸಬೇಕು, ಹೆಸರು ಬೇಡವೆಂದರೆ ಹೆಸರನ್ನು ಬಿಡಬೇಕು. ಉಳಿದಂತೆ ಊರು, ತಾರೀಕು, ವಿಷಯ ಇವು ಮೂರು ಚೀಟಿಯ ಮೇಲೆ ಇರಲೇಬೇಕು.

ಆ ವಿಷಯದ ಜಾಗದಲ್ಲಿ ‘ಉತ್ತರಾಧಿಕಾರ’ ಎಂದು ಬರೆದು ಸುಮ್ಮನಾದರೆ ವಕೀಲರಿಗೆ ಸಿಕ್ಕೀತು. ಬೂದಿಕೋಟೆಯ ಬೀದಿಯಲ್ಲಿ ನಾಲ್ಕು ಭಾಷೆಗಳು ಓಡಾಡುತ್ತವೆ. ಹಾಗಾಗಿ ಅದರ ಪಕ್ಕದಲ್ಲೇ ‘ಪಾಲು’ ಎಂದಿರಬೇಕು, ತೆಲುಗಿನ ‘ಭಾಗಂ’, ತಮಿಳಿನ ‘ಪಂಗು’, ಉರ್ದುವಿನ ‘ಹಿಸ್ಸಾ’ ಇರಬೇಕು. ‘ಅರಿಶಿನ ಕುಂಕುಮ’ ಎಂದೂ ಬರೆದಿರಬೇಕು, ಕಾಗದ ಮುಂದಿಟ್ಟುಕೊಂಡು ಕುಳಿತವಳಿಗೆ ಆ ಹೊತ್ತಿನಲ್ಲಿ ಹೊಳೆಯುವ ಶಬ್ದ ಅದೇ ಆಗಿರಬಹುದು.